ಹತ್ತು ಹುಂಜ, ಒಂದು ಹರಕೆ

ಸುಳ್ಳು ಹೇಳಲೇಬೇಕಾಗಿ ಬಂದರೆ ಹೆಂಡತಿಗೆ ಹೇಳಬೇಕು, ಇಲ್ಲವೇ ಹೆಡ್‌ಮಾಸ್ಟರಿಗೆ ಹೇಳಬೇಕು. ಇಬ್ಬರೂ ಹೇಗೂ ನಂಬುವುದಿಲ್ಲವಾದ್ದರಿಂದ ಅಪಾಯ ಕಡಿಮೆ. ದೇವರ ಹೆಸರಿನಲ್ಲಿ ಮಾತ್ರ ಹೇಳಬಾರದು. ಕೇಳಿದವರೆಲ್ಲ ಕಣ್ಣು ಮುಚ್ಚಿ ನಂಬಿಬಿಡುತ್ತಾರೆ, ಆಮೇಲೆ ಹೇಳಿದವನೇ ಆ ಸುಳ್ಳಿನ ಹಿಂದೆ ಓಡಬೇಕಾಗುತ್ತದೆ. ಇಪ್ಪತ್ತೆರಡು ವರ್ಷದಿಂದ ಮಳವಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಿರುವ ನಾನು, ಮೂಢನಂಬಿಕೆಯ ಮೇಲೆ ವರ್ಷಕ್ಕೊಂದು ಭಾಷಣ ಬಿಗಿಯುವ ನಾನು, ಒಂದು ಹುಂಜದ ದೆಸೆಯಿಂದ ಮಾರಮ್ಮನ ಮುಂದೆ ಕೈಮುಗಿದು ನಡುಗುತ್ತಾ ನಿಂತ ಕಥೆ ಇದು. ಹೇಳಿಕೊಂಡರೆ ಮನಸ್ಸು ಹಗುರಾದೀತು ಎಂದು ಹೇಳುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ.

ಹೋದ ವರ್ಷ ದಸರಾ ರಜೆಗೆ ಚಿಕ್ಕರಸಿನಕೆರೆ ಕಡೆಯ ನಮ್ಮ ಅತ್ತೆಯ ಊರಿಗೆ ಹೋಗಿದ್ದೆವು. ನಮ್ಮತ್ತೆ ನನ್ನ ಹೆಂಡತಿ ಸಾವಿತ್ರಿಯ ತಾಯಿ ಮಾತ್ರವಲ್ಲ, ನಮ್ಮಪ್ಪನ ಒಡಹುಟ್ಟಿದ ತಂಗಿಯೂ ಹೌದು. ಹಾಗಾಗಿ ಅಳಿಯನಿಗೆ ಸಲ್ಲಬೇಕಾದ ಬಹುವಚನ ನನಗೆ ಯಾವತ್ತೂ ಸಿಕ್ಕಿಲ್ಲ. ಮದುವೆಗೆ ಮುಂಚೆ ‘ಲೇ’ ಆಗಿದ್ದವನು ಮದುವೆಯಾದ ಮೇಲೂ ‘ಲೇ’ ಆಗಿಯೇ ಉಳಿದೆ. ಅವತ್ತು ಅವರ ಹಿತ್ತಿಲಲ್ಲಿ ಕೆದಕಿಕೊಂಡಿದ್ದ ಕೋಳಿಗಳನ್ನು ಕಂಡು ನನಗೆ ಮೈ ಜುಮ್ಮೆಂದಿತು. ನಾನು ಚಿಕ್ಕವನಾಗಿದ್ದಾಗ ಊರ ತುಂಬ ಇದ್ದ ಬೋಳುಕತ್ತಿನ ನಾಟಿ ಕೋಳಿಗಳವು. ತಲೆಯ ಮೇಲೆ ಗರಿ, ಮೈ ತುಂಬ ಗರಿ, ನಡುವೆ ಕತ್ತು ಮಾತ್ರ ಕೆಂಪಗೆ ಬರಿದು. ಯಾರೋ ಪುಕ್ಕ ಕೀಳಲು ಶುರುಮಾಡಿ, ಫೋನು ಬಂತೆಂದು ಅರ್ಧಕ್ಕೇ ಎದ್ದು ಹೋದ ಹಾಗೆ. ನೋಡಲು ಚೆಂದವಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಕಡೆಯ ಬಿಸಿಲಿಗೆ ಹೇಳಿ ಮಾಡಿಸಿದ ಜಾತಿ. ಈಗ ಇಡೀ ಊರಿನಲ್ಲಿ ಉಳಿದಿದ್ದದ್ದು ಅತ್ತೆಯ ಮನೆಯ ಆರೇಳು ಮಾತ್ರ.

“ಅತ್ತೆ, ಈ ತಳಿ ಹೋದರೆ ಮತ್ತೆ ಬರುವುದಿಲ್ಲ. ನಾನು ಉಳಿಸ್ತೀನಿ” ಎಂದೆ. ದನಿಯಲ್ಲಿ ಸ್ವಲ್ಪ ಭಾಷಣದ ಧಾಟಿ ಬಂದಿರಬೇಕು.

“ಉಳ್ಸು ಬುಡ್ಲಾ, ಯಾರ್ ಬ್ಯಾಡ ಅಂದೋರು” ಎಂದು ಅತ್ತೆ ಮೊಟ್ಟೆಯ ಕುಕ್ಕೆಯನ್ನು ಮುಂದಿಟ್ಟುಕೊಂಡು ಎರಡು ಗುಡ್ಡೆ ಮಾಡತೊಡಗಿದರು. “ಉದ್ದುಕ್ಕೆ ಚೂಪ್ಗಿರವು ಹುಂಜ ಆಯ್ತವೆ. ದುಂಡ್ಗಿರವು ಯಾಟೆ. ದುಂಡ್ಗಿರವ ತಕೊಂಡೋಗು.” ಯಾಟೆ ಎಂದರೆ ನಮ್ಮ ಕಡೆ ಹೆಣ್ಣು ಕೋಳಿ.

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಮೊಟ್ಟೆಯ ಆಕಾರಕ್ಕೂ ಮರಿ ಗಂಡೋ ಹೆಣ್ಣೋ ಎಂಬುದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಅಂಗಳದಲ್ಲಿ ನಿಂತು ಅರ್ಧ ಗಂಟೆ ಪಾಠ ಮಾಡಿದೆ. ಅಷ್ಟು ಸಾಲದೆಂದು, ಸಾಬೀತು ಮಾಡಿ ತೋರಿಸುವ ಹುಮ್ಮಸ್ಸಿನಲ್ಲಿ, ಚೂಪು ಮೊಟ್ಟೆಗಳನ್ನೇ ಆರಿಸಿ ಹದಿಮೂರು ಕಟ್ಟಿಸಿಕೊಂಡೆ. ಕಾವಿಗೆ ಬಂದಿದ್ದ ಒಂದು ಕೋಳಿಯನ್ನೂ ಜೊತೆಗೆ ಕೊಟ್ಟರು. ಮಳವಳ್ಳಿಗೆ ಬಂದು ಮಂಕರಿಯಲ್ಲಿ ಬೂದಿ, ಹುಲ್ಲು ಹಾಕಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಅತ್ತೆ ಕೊಟ್ಟಿದ್ದ ಕಬ್ಬಿಣದ ಚೂರನ್ನು ಯಾರಿಗೂ ಕಾಣದಂತೆ ತಳಕ್ಕೆ ತಳ್ಳಿ, ಕಾವಿಗೆ ಕೂರಿಸಿದೆ. ಇಪ್ಪತ್ತೊಂದು ದಿನ ನನಗೆ ನಿದ್ದೆಯಿಲ್ಲ. ಇಪ್ಪತ್ತೆರಡನೇ ದಿನ ಬೆಳಗ್ಗೆ ಹಲ್ಲುಜ್ಜದೆ ಹೋಗಿ ನೋಡಿದರೆ, ಅಮ್ಮನ ರೆಕ್ಕೆಯ ಕೆಳಗಿಂದ ಹನ್ನೆರಡು ಬೋಳು ಕತ್ತುಗಳು ಇಣುಕುತ್ತಿದ್ದವು! ನನ್ನ ಮಗಳಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಡಿಸ್ಟಿಂಕ್ಷನ್ ಬಂದಾಗಲೂ ನಾನು ಅಷ್ಟು ಜೋರಾಗಿ ಕೂಗಿರಲಿಲ್ಲ ಎಂದು ಸಾವಿತ್ರಿ ಈಗಲೂ ಆಡಿಕೊಳ್ಳುತ್ತಾಳೆ.

ಸಂಕ್ರಾಂತಿಯ ಹೊತ್ತಿಗೆ ಜುಟ್ಟುಗಳು ಮೂಡಿದವು. ಹನ್ನೆರಡರಲ್ಲಿ ಹತ್ತು ಹುಂಜ. ಆಕಾರಕ್ಕೂ ಅದಕ್ಕೂ ಸಂಬಂಧವಿಲ್ಲ, ಅದು ಬರೀ ಕಾಕತಾಳೀಯ ಎಂದು ನಾನು ಈಗಲೂ ಹೇಳುತ್ತೇನೆ, ದನಿಯನ್ನು ಸ್ವಲ್ಪ ತಗ್ಗಿಸಿ. ಫೋನಿನಲ್ಲಿ ವಿಷಯ ಕೇಳಿದ ಅತ್ತೆ ಏನೂ ಅನ್ನಲಿಲ್ಲ. ನಗುವುದು ಮುಗಿದ ಮೇಲೆ ಫೋನಿಟ್ಟರು.

ಕೋಳಿ ಸಾಕದವರಿಗೆ ಒಂದು ಮಾತು ಹೇಳಬೇಕು. ಒಂದು ಹಿಂಡಿಗೆ ಒಂದು ಹುಂಜ ಸಾಕು. ಎರಡಾದರೆ ಜಗಳ. ಹತ್ತಾದರೆ ಗ್ರಾಮ ಪಂಚಾಯ್ತಿ ಚುನಾವಣೆ. ಮೂರೇ ಮೂರು ಹೆಣ್ಣು ಕೋಳಿಗಳು ಹಗಲೆಲ್ಲ ಅಟ್ಟದ ಮೇಲೆ ಅಡಗಿ ಕೂರತೊಡಗಿದವು. ಕೂಗಂತೂ ಕೇಳಬೇಡಿ. ಒಬ್ಬ ಕೂಗಿದರೆ ಉಳಿದ ಒಂಬತ್ತು ಜನ ಉತ್ತರ ಕೊಡಬೇಕು, ಉತ್ತರ ಬಂದದ್ದಕ್ಕೆ ಮೊದಲನೆಯವನು ಮತ್ತೆ ಪ್ರತ್ಯುತ್ತರ ಕೊಡಬೇಕು. ಪಕ್ಕದ ಮನೆಯ ಪುಟ್ಟಸ್ವಾಮಿಗೆ ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಶಿಫ್ಟ್ ಡ್ಯೂಟಿ. ರಾತ್ರಿಪಾಳಿ ಮುಗಿಸಿ ಬೆಳಗ್ಗೆ ಬಂದು ಮಲಗುವ ಮನುಷ್ಯ. ಒಂದು ದಿನ ಹನ್ನೊಂದು ಗಂಟೆಗೆ ಕೆಂಗಣ್ಣು ಬಿಟ್ಟುಕೊಂಡು ಕಾಂಪೌಂಡಿನ ಮೇಲಿಂದ ಇಣುಕಿದ. “ಮೇಷ್ಟ್ರೇ, ಕೋಳಿ ಕೂಗುದ್ರೆ ಬೆಳಕರೀತದೆ ಅಂತಾರೆ. ನನಗೆ ಬೆಳಗ್ಗಿಂದ ನಲವತ್ತು ಸಲ ಬೆಳಕರುದದೆ. ಒಂದ್ಸಲನಾದ್ರೂ ಕತ್ಲೆ ಮಾಡ್ಸಿ ಸ್ವಾಮಿ.”

ಅವನ ಕಷ್ಟ ನೋಡಿ ನನಗೆ ನಿಜವಾಗಿ ಪಾಪ ಅನ್ನಿಸಿತು. ಒಂದು ಹುಂಜವನ್ನು ಅವನಿಗೇ ಕೊಟ್ಟೆ. ಒಂದೇ ಷರತ್ತು, ಕುಯ್ಯಬಾರದು, ಅವರ ತೋಟದ ಮನೆಯಲ್ಲಿ ಬಿಟ್ಟು ತಳಿ ಬೆಳೆಸಬೇಕು ಎಂದೆ. “ಅಯ್ಯೋ, ಮಗೀನಂಗೆ ನೋಡ್ಕೊತೀನಿ ಕಣ್ ಮೇಷ್ಟ್ರೇ” ಎಂದು ಎದೆಗವಚಿಕೊಂಡು ಹೋದ. ಭಾನುವಾರ ಮಧ್ಯಾಹ್ನ ಅವನ ಹೆಂಡತಿ ಒಂದು ಡಬ್ಬಿ ತಂದುಕೊಟ್ಟು ಹೋದರು. ಬಿಸಿ ಬಿಸಿ ಸಾರು. ನಮ್ಮ ಕಡೆ ಒಂದು ಮರ್ಯಾದೆ ಇದೆ: ಯಾರಾದರೂ ಕೋಳಿ ಕೊಟ್ಟರೆ ಅದರ ಸಾರಿನ ಮೊದಲ ಪಾಲು ಕೊಟ್ಟವರ ಮನೆಗೆ ಹೋಗಬೇಕು. ಪುಟ್ಟಸ್ವಾಮಿ ಷರತ್ತನ್ನು ಮರೆತಿದ್ದ, ಮರ್ಯಾದೆಯನ್ನು ಮರೆತಿರಲಿಲ್ಲ.

ನಾನು ಕೆಂಡವಾದೆ. ಮುಟ್ಟುವುದಿಲ್ಲ ಎಂದು ಎದ್ದುಹೋದೆ. ಹಿತ್ತಿಲಲ್ಲಿ ಒಂದು ಸುತ್ತು ಹೊಡೆದೆ. ಅಲ್ಲಿಗೂ ವಾಸನೆ ಬರುತ್ತಿತ್ತು. ಸಾವಿತ್ರಿ ಮುದ್ದೆ ಕಟ್ಟಿಟ್ಟು, “ಹೋದವನು ಹೋದ, ಸಾರು ಯಾಕೆ ಹಾಳು ಮಾಡೋದು ರೀ” ಎಂದಳು. ತಿಂದೆ. ಎರಡನೇ ಸಲವೂ ಬಡಿಸಿಕೊಂಡೆ. ಅಷ್ಟು ರುಚಿಯ ಸಾರನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ, ಅದೇ ನನ್ನನ್ನು ಕೊರೆದ ವಿಷಯ. ಆಮೇಲೆ ಇದೇ ಷರತ್ತಿನ ಮೇಲೆ ನಮ್ಮ ಹೆಡ್‌ಮಾಸ್ಟರು, ಡ್ರಿಲ್ ಮೇಷ್ಟ್ರು, ಹಾಲಿನವನು ಎಂದು ಇನ್ನೂ ಐದು ಹುಂಜ ಕೊಟ್ಟೆ. ಐದೂ ಡಬ್ಬಿಯಲ್ಲಿ ವಾಪಸು ಬಂದವು. ಡ್ರಿಲ್ ಮೇಷ್ಟ್ರಂತೂ ಸಂಸಾರ ಸಮೇತ ಮುತ್ತತ್ತಿಗೆ ಹೋಗಿ, ಹೊಳೆ ದಂಡೆಯಲ್ಲಿ ಒಲೆ ಹೂಡಿ ಮಾಡಿದ್ದು, ನೆನೆಸಿಕೊಂಡು ಒಂದು ತೊಡೆ ಎತ್ತಿಟ್ಟು ತಂದಿದ್ದರು. ಕೊಟ್ಟವರ ಡಬ್ಬಿಯನ್ನು ಬರಿದಾಗಿ ವಾಪಸು ಕಳಿಸಬಾರದು ಎಂಬುದು ಇನ್ನೊಂದು ಮರ್ಯಾದೆಯಲ್ಲವೇ? ಸಾವಿತ್ರಿ ಪ್ರತಿ ಡಬ್ಬಿಯಲ್ಲೂ ನಾಲ್ಕೈದು ಮೊಟ್ಟೆ ಇಟ್ಟು ಕಳಿಸುತ್ತಿದ್ದಳು. ಅವರಲ್ಲಿ ಇಬ್ಬರು ಅವನ್ನು ಕಾವಿಗಿಟ್ಟು ಈಗ ಬೋಳುಕತ್ತಿನ ಕೋಳಿ ಸಾಕುತ್ತಿದ್ದಾರೆ. ತಳಿ ಉಳಿಸಿದ್ದು ನನ್ನ ಭಾಷಣವೋ ಅವಳ ಡಬ್ಬಿಯೋ ಎಂದು ಯಾರೂ ನನ್ನನ್ನು ಕೇಳದಿರುವುದು ದೊಡ್ಡ ಉಪಕಾರ.

ಹೀಗೆ ಕೊಟ್ಟೂ ಕೊಟ್ಟೂ ಯುಗಾದಿಯ ಹೊತ್ತಿಗೆ ನಾಲ್ಕು ಹುಂಜ ಉಳಿದವು. ಅವುಗಳಲ್ಲಿ ಒಬ್ಬ ಕೆಂಚ. ಕೆಂಚನ ವಿಷಯ ಬಂದರೆ ನನಗೆ ಮಾತು ನಿಲ್ಲುವುದಿಲ್ಲ, ಕ್ಷಮಿಸಬೇಕು. ಬಂಗಾರದಂಥ ಕೆಂಪು ಮೈ, ಹಸಿರು ಮಿಂಚುವ ಕರೀ ಬಾಲ, ನಡಿಗೆಯೋ ಅಮಲ್ದಾರರ ನಡಿಗೆ. ಎಲ್ಲಕ್ಕಿಂತ ಮುಖ್ಯವಾಗಿ ಅವನ ಕತ್ತು. ಬೋಳುಕತ್ತಿನ ಬಹುಪಾಲು ಕೋಳಿಗಳಿಗೆ ಕತ್ತಿನ ಮುಂದೆ ಟೈ ಕಟ್ಟಿದ ಹಾಗೆ ಒಂದು ಕುಚ್ಚು ಗರಿ ಇರುತ್ತದೆ. ಅಂಥವು ಬೆರಕೆ. ಕುಚ್ಚೇ ಇಲ್ಲದೆ ಪೂರ್ತಿ ಬೋಳಾಗಿರುವುದು ಅಪ್ಪಟ ತಳಿ. ಅದರ ಮರಿಗಳೆಲ್ಲ ತಪ್ಪದೆ ಬೋಳುಕತ್ತಿನವೇ ಆಗುತ್ತವೆ. ಹತ್ತನೇ ತರಗತಿಗೆ ಬಟಾಣಿ ಗಿಡದ ಚಿತ್ರ ಬರೆದು ನಾನು ವರ್ಷಾವರ್ಷ ಹೇಳಿಕೊಡುವ ಪಾಠವೇ ಕಾಲು ಬಂದು ಹಿತ್ತಿಲಲ್ಲಿ ಓಡಾಡುತ್ತಿತ್ತು! ಹತ್ತರಲ್ಲಿ ಹಾಗಿದ್ದವನು ಕೆಂಚನೊಬ್ಬನೇ. ಅವನು ಹೋದರೆ ನನ್ನ ಇಡೀ ಕೆಲಸ ಹೋದ ಹಾಗೆ.

ಯುಗಾದಿಯ ಮಾರನೇ ದಿನ ನಮ್ಮಲ್ಲಿ ವರ್ಷತೊಡಕು. ಅವತ್ತು ಮಾಂಸದ ಸಾರಿಲ್ಲದ ಮನೆಯಲ್ಲಿ ವರ್ಷವೇ ಸರಿಯಾಗಿ ಹುಟ್ಟುವುದಿಲ್ಲ ಎಂಬ ನಂಬಿಕೆ. ಹಬ್ಬದ ಸಂಜೆಗೇ ನನ್ನ ಭಾವಮೈದ ಮಹೇಶ ಬೈಕಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಬಂದ. ಹಿತ್ತಿಲಿಗೆ ಹೋದವನೇ ನೇರವಾಗಿ ಕೆಂಚನ ಮೇಲೆ ಕಣ್ಣು ಹಾಕಿದ.

“ಭಾವ, ಇದುನ್ನೇ ಇಡ್ಕತೀನಿ. ಒಳ್ಳೆ ತೂಕ ಬತ್ತದೆ.”

“ಅದು ಬೇಡ ಮಹೇಶ, ಅದು ತಳಿಯ ಹುಂಜ.”

“ಯಾವ್ ತಳಿನೋ! ಬೋಳ್ ಕತ್ತು, ಪುಕ್ಕ ಕೀಳೋ ಕೆಲ್ಸಾನೂ ಕಮ್ಮಿ” ಎಂದು ಬಗ್ಗಿದ. ಕೆಂಚನ ರೆಕ್ಕೆ ಅವನ ಕೈಗೆ ಸಿಕ್ಕೇಬಿಟ್ಟಿತು. ಬಟಾಣಿ ಗಿಡದ ಪಾಠ ಹೇಳುವಷ್ಟು ಸಮಯವಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: “ಮುಟ್ಟಬೇಡ! ಅದು ಮಾರಮ್ಮನ ಹರಕೆ ಕೋಳಿ!”

ಮಹೇಶ ಕೆಂಡ ಮುಟ್ಟಿದವನಂತೆ ಕೈ ಕಿತ್ತುಕೊಂಡ. ಎರಡೂ ಕೆನ್ನೆಗೆ ಹೊಡೆದುಕೊಂಡು, “ಮೊದ್ಲೇ ಯೋಳ್ಬಾರ್ದಾ ಭಾವ, ತಪ್ಪಾಯ್ತು ಕಣವ್ವ ತಾಯಿ” ಎಂದು ಕೆಂಚನಿಗೇ ಕೈಮುಗಿದ. ಉಳಿದ ಮೂರನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ. ನನಗೆ ಕುಣಿಯುವಷ್ಟು ಖುಷಿ. ಹೆಚ್ಚಾಗಿದ್ದ ಒಂಬತ್ತೂ ಹೋದವು, ಇರಬೇಕಾದವನು ಉಳಿದ, ಪುಟ್ಟಸ್ವಾಮಿಗೆ ನಿದ್ದೆ ಬಂತು. ಒಂದೇ ಒಂದು ಸುಳ್ಳಿನಲ್ಲಿ ಮೂರು ಕೆಲಸ! ದೇವರ ಹೆಸರನ್ನು ಇಷ್ಟು ದಿನ ಯಾಕೆ ಬಳಸಲಿಲ್ಲವೋ ಎಂದು ನನ್ನ ಮೇಲೆ ನನಗೇ ಕನಿಕರವಾಯಿತು.

ಮೂರನೇ ದಿನ ಬೆಳಗಿನ ಬಸ್ಸಿಗೆ ಅತ್ತೆ ಬಂದಿಳಿದರು. ಚಪ್ಪಲಿ ಬಿಡುವ ಮೊದಲೇ, “ಲೇ, ಅರಕೆ ಕಟ್ಕಂಡಿದ್ದೀಯಂತೆ. ಏನಂತ ಕಟ್ಕಂಡೆ?” ಎಂದರು.

ಏನಂತ! ಹರಕೆ ಎಂದ ಮೇಲೆ ಏನಾದರೊಂದು ಕೇಳಿಕೊಂಡಿರಬೇಕು ಎಂಬುದೇ ನನಗೆ ಹೊಳೆದಿರಲಿಲ್ಲ. ತಡವರಿಸುತ್ತಾ ಆಚೀಚೆ ನೋಡಿದೆ. ಮೂಲೆಯ ಮಂಕರಿಯಲ್ಲಿ ಹಳೇ ಕೋಳಿ ಮತ್ತೆ ಕಾವಿಗೆ ಬಂದು ಕೂತಿತ್ತು. “ಈ ಸಲದ ಮರಿಗಳಲ್ಲಿ ಯಾಟೆ ಜಾಸ್ತಿ ಆಗಲಿ ಅಂತ...” ಎಂದೆ.

ಅತ್ತೆಯ ಮುಖ ಅರಳಿತು. “ಪರ್ವಾಗಿಲ್ವೇ, ಬುದ್ಧಿ ಬಂದದೆ. ಕೊಡ್ತಾಳೆ ಬುಡು ಅಮ್ಮ. ಆದ್ ಮ್ಯಾಲೆ ತಡ ಮಾಡ್ಬ್ಯಾಡ, ಆಸಾಡದಲ್ಲಿ ಒಪ್ಪುಸ್ಬುಡಾವ” ಎಂದು ಮಂಕರಿಯ ಮುಂದೆ ಕೂತು, ದುಂಡನೆಯ ಮೊಟ್ಟೆ ಹನ್ನೊಂದನ್ನು ಆರಿಸಿ ತಾವೇ ಕೈಯಾರೆ ಕಾವಿಗಿಟ್ಟರು.

ಆಗ ನನಗೆ ನಾನು ಬಿದ್ದ ಹಳ್ಳದ ಆಳ ತಿಳಿಯಿತು. ಹೆಣ್ಣು ಮರಿಗಳು ಹೆಚ್ಚಾದರೆ ಹರಕೆ ಫಲಿಸಿತು. ಫಲಿಸಿದರೆ ಕೆಂಚ ಸಾರಾಗುತ್ತಾನೆ. ಎರಡು ಮೂರು ತಿಂಗಳು ಹುಂಜ ಹೆಚ್ಚಾದವೆಂದು ತಲೆ ಚಚ್ಚಿಕೊಂಡಿದ್ದವನು ಈಗ ಮಂಕರಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಾಯೀ, ಈ ಸಲ ಎಲ್ಲ ಹುಂಜವೇ ಆಗಲಿ, ಹನ್ನೊಂದಕ್ಕೆ ಹನ್ನೊಂದೂ ಕೂಗಲಿ, ಪುಟ್ಟಸ್ವಾಮಿಯ ಕಾಲು ಬೇಕಾದರೆ ಹಿಡಿಯುತ್ತೇನೆ ಎಂದು ಬೇಡತೊಡಗಿದೆ. ಯಾರನ್ನು ಬೇಡುತ್ತಿದ್ದೆ ಎಂದು ಕೇಳಬೇಡಿ. ಹನ್ನೊಂದೂ ಮರಿಯಾದವು. ಶಾಲೆಯ ಪ್ರಯೋಗಾಲಯದಿಂದ ಭೂತಗನ್ನಡಿ ತಂದು ದಿನಾ ಸಂಜೆ ಒಂದೊಂದರ ಜುಟ್ಟು ಪರೀಕ್ಷೆ ಮಾಡಿದೆ. ಜೂನ್ ತಿಂಗಳಿಗೆ ಅನುಮಾನವೇ ಉಳಿಯಲಿಲ್ಲ. ಒಂಬತ್ತು ಯಾಟೆ, ಎರಡು ಹುಂಜ. ಆ ಎರಡಕ್ಕೂ ಕತ್ತಿನಲ್ಲಿ ಟೈ.

ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಸಾವಿತ್ರಿಯ ಮುಂದೆ ಒಪ್ಪಿಕೊಂಡೆ. “ನನಗೆ ಅವತ್ತೇ ಗೊತ್ತು. ಆದರೆ ಮಾರಮ್ಮನ ಹೆಸರಲ್ಲಿ ಸುಳ್ಳು ಹೇಳಿದೆ ಅಂತ ನಮ್ಮವ್ವನ ಮುಂದೆ ನೀವೇ ಹೇಳಿ, ನಾನು ಹೇಳಲ್ಲ” ಎಂದಳು. ಹೇಳೋಣ ಎಂದು ನಿಶ್ಚಯಿಸಿದ ವಾರವೇ ನನ್ನ ಬೈಕು ಎರಡು ಸಲ ಪಂಕ್ಚರ್ ಆಯಿತು, ಬಲಗಣ್ಣಿಗೆ ಕುರು ಎದ್ದಿತು. ಟಯರು ಸವೆದಿತ್ತು, ಕಣ್ಣು ಉಜ್ಜಿಕೊಂಡಿದ್ದೆ, ಎರಡಕ್ಕೂ ಕಾರಣ ನನಗೆ ಚೆನ್ನಾಗಿ ಗೊತ್ತು. ಆದರೂ ಹೇಳಲಿಲ್ಲ. ವಿಜ್ಞಾನದ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ, ಧೈರ್ಯ ಮಾತ್ರ ಅದರಷ್ಟಿಲ್ಲ.

ಆಷಾಢದ ಒಂದು ಮಂಗಳವಾರ ಕೆಂಚನನ್ನು ಬ್ಯಾಗಿನಲ್ಲಿ ಕೂರಿಸಿಕೊಂಡು, ಕತ್ತು ಮಾತ್ರ ಹೊರಗೆ ಬಿಟ್ಟು, ಸಾವಿತ್ರಿಯ ಜೊತೆ ಮದ್ದೂರಿನ ಬಸ್ಸು ಹತ್ತಿದೆ. ಒಂದೊಂದು ಸ್ಟಾಪಿನಲ್ಲೂ ಅವನು ಕತ್ತೆತ್ತಿ ಕೂಗುತ್ತಿದ್ದ. ಜನ ನಗುತ್ತಿದ್ದರು. ಪಕ್ಕದ ಸೀಟಿನ ಯಜಮಾನರೊಬ್ಬರು ಅವನ ಎದೆ ಅಮುಕಿ ನೋಡಿ, “ಮೂರ್ ಕೆಜಿಗೆ ಮೋಸ ಇಲ್ಲ” ಎಂದರು. ಕಿಟಕಿಯ ಕಡೆ ತಿರುಗಿ ಕೂತೆ. ಸಾವಿತ್ರಿ ಸೆರಗಿನ ತುದಿಯಿಂದ ಅವನ ಕತ್ತಿಗೆ ಬಿಸಿಲು ಮರೆ ಮಾಡಿದಳು.

ಅತ್ತೆಯ ಊರಾಚೆ ಬೇವಿನ ಮರದ ಕೆಳಗೆ ಮಾರಮ್ಮನ ಗುಡಿ. ಅತ್ತೆ, ಮಹೇಶ, ನೆಂಟರು, ಇಷ್ಟರು ಆಗಲೇ ನೆರೆದಿದ್ದರು. ಮನೆಯ ಹಿತ್ತಿಲಲ್ಲಿ ಮಸಾಲೆ ರುಬ್ಬಿ ಆಗಿತ್ತು. ಗುಡಿಯ ಮುಂದೆ ನಡೆಯಬೇಕಾದದ್ದು ಒಂದೇ ಶಾಸ್ತ್ರ. ಪೂಜಾರಪ್ಪ ಕೋಳಿಯ ನೆತ್ತಿಗೆ, ಕತ್ತಿಗೆ ಅರಿಶಿನದ ನೀರು ಚಿಮುಕಿಸುತ್ತಾರೆ. ಕೋಳಿ ಮೈ ಕೊಡವಿದರೆ ಅಮ್ಮ ಒಪ್ಪಿದಳೆಂದು ಅರ್ಥ. ಕೊಡವದಿದ್ದರೆ ಒಪ್ಪಲಿಲ್ಲ, ಕುಯ್ಯುವ ಹಾಗಿಲ್ಲ. ಒಪ್ಪಿದ್ದನ್ನು ಕುಯ್ಯಲು ಮನಸ್ಸಿಲ್ಲದವರು ಅಮ್ಮನ ಹೆಸರಲ್ಲಿ ಅಲ್ಲೇ ಬಿಟ್ಟು ಹೋಗುವುದೂ ಉಂಟು. ಅಂಥ ಎರಡು ಮುದಿ ಹುಂಜಗಳು ಕಟ್ಟೆಯ ಮೇಲೆ ಅನ್ನದ ಅಗುಳು ಹೆಕ್ಕುತ್ತಾ ಯಾರ ಹಂಗೂ ಇಲ್ಲದೆ ತಿರುಗುತ್ತಿದ್ದವು.

ಪೂಜಾರಪ್ಪ ನೀರು ಚಿಮುಕಿಸಿದರು. ಕೆಂಚ ಕಣ್ಣು ಮಿಟುಕಿಸಿದ, ಅಷ್ಟೇ. ಎರಡನೇ ಸಲ ಬೊಗಸೆಯಲ್ಲಿ ಹಾಕಿದರು. ನೀರು ಅವನ ಬೋಳು ಕತ್ತಿನ ಮೇಲಿಂದ ಜರ್ರನೆ ಜಾರಿ ನೆಲಕ್ಕೆ ಬಿತ್ತು. ತಟ್ಟನೆ ನನಗೆ ಹೊಳೆಯಿತು! ಕೋಳಿ ಮೈ ಕೊಡವುವುದು ಕತ್ತಿನ ಗರಿಯೊಳಗೆ ನೀರು ಇಳಿದಾಗ. ಕೆಂಚನಿಗೆ ಕತ್ತಿನಲ್ಲಿ ಗರಿಯೆಲ್ಲಿದೆ? ಎಷ್ಟು ಅಪ್ಪಟ ತಳಿಯೋ ಅಷ್ಟೂ ಒಣಕಲು! ಖುಷಿಯಿಂದ ಕೂಗಿಬಿಡಬೇಕೆನಿಸಿತು. ಬಾಯಿ ಬಿಟ್ಟರೆ ಕೆಡುತ್ತದೆ ಎಂದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಕೈಮುಗಿದು, ಅವನ ಪಕ್ಕದಲ್ಲೇ ಸೊಂಟ ಬಗ್ಗಿಸಿ ನಿಂತು, ಕೊಡವಬೇಡ ಕಣಪ್ಪ, ಕೊಡವಬೇಡ ಎಂದು ಜಪಿಸತೊಡಗಿದೆ.

ಎರಡು ಸಲ ಸೋತ ಪೂಜಾರಪ್ಪನವರಿಗೆ ರೇಗಿತೇನೋ. “ಒಪ್ಕೊಳವ್ವಾ!” ಎಂದು ಇಡೀ ಚೊಂಬನ್ನೇ ಎತ್ತಿ ಸುರಿದರು. ಕೆಂಚ ಪಕ್ಕಕ್ಕೆ ಸರಿದುಕೊಂಡನಂತೆ. ಆಷಾಢದ ಗಾಳಿ ಬೇರೆ ಬೀಸುತ್ತಿತ್ತು. ಒಂದು ಚೊಂಬು ತಣ್ಣೀರು ನನ್ನ ಕತ್ತಿನ ಹಿಂಭಾಗಕ್ಕೆ ಬಿದ್ದು, ಅಂಗಿಯೊಳಗೆ ಬೆನ್ನುಹುರಿಯ ಗುಂಟ ಇಳಿಯಿತು. ನಾನು ನೆತ್ತಿಯಿಂದ ಅಂಗಾಲಿನವರೆಗೆ ಗಡಗಡನೆ ಒಮ್ಮೆ ಮೈ ಒದರಿದೆ.

ಕಣ್ಣು ಬಿಟ್ಟು ನೋಡಿದರೆ ಎಲ್ಲರೂ ಕೆಂಚನನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಪೂಜಾರಪ್ಪ ಖಾಲಿ ಚೊಂಬು ಹಿಡಿದುಕೊಂಡು ಅತ್ತೆಯ ಮುಖ ನೋಡಿದರು. ಮಹೇಶ ಟವೆಲಿನಿಂದ ಬಾಯಿ ಮುಚ್ಚಿಕೊಂಡಿದ್ದ.

ಅತ್ತೆ ನಿಧಾನವಾಗಿ ಮುಂದೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಸುಳ್ ಅರಕೆಗೆ ಕೋಳಿ ಎಂಗ್ ಒದರ್ತದ್ಲಾ? ಅಮ್ಮಂಗೆ ಗೊತ್ತಿಲ್ವಾ ತಪ್ಪು ಯಾರ್ದು ಅಂತ? ಯಾರುನ್ನ ಒಪ್ಕಬೇಕೋ ಅವುರ್ನೇ ಒಪ್ಕಂಡವ್ಳೆ” ಎಂದರು. ಆಮೇಲೆ ಮಗಳ ಕಡೆ ತಿರುಗಿದರು. “ಸಾವಿತ್ರಿ, ನಿನ್ ಗಂಡುನ್ನ ಕುಯ್ಯಕಂತೂ ಆಗಕಿಲ್ಲ. ಏನ್ ಮಾಡೀಯೆ, ಮನೇಗ್ ಕರ್ಕೊಂಡೋಯ್ತೀಯೋ, ಇಲ್ಲೇ ಬುಟ್ಟೋಯ್ತೀಯೋ?”

ಸಾವಿತ್ರಿ ಕಟ್ಟೆಯ ಮೇಲೆ ಹಾಯಾಗಿ ತಿರುಗುತ್ತಿದ್ದ ಆ ಎರಡು ಮುದಿ ಹುಂಜಗಳನ್ನು ಸ್ವಲ್ಪ ಹೊತ್ತು ನೋಡಿದಳು. ನನ್ನನ್ನೂ ನೋಡಿದಳು. ಮೊದಲು ಕೆಂಚನನ್ನು ಎತ್ತಿಕೊಂಡಳು.